ಕಾಲೇಜಿನ ಏಡ್ ಲೆಟರ್ ಓದುವುದು ಹೇಗೆ? ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಕಾಲೇಜಿನಿಂದ ಬರುವ ಏಡ್ ಲೆಟರ್‌ನಲ್ಲಿ, ಅಂದರೆ ಎಷ್ಟು ಹಣದ ನೆರವು ಕೊಡುತ್ತೇವೆ ಎಂದು ತಿಳಿಸುವ ಪತ್ರದಲ್ಲಿ, ನೀವು ಹುಡುಕಬೇಕಾದ ಅಂಕಿ ಒಂದೇ. ವರ್ಷದ ಒಟ್ಟು ಖರ್ಚಿನಲ್ಲಿ ವಾಪಸ್ ಕೊಡಬೇಕಿಲ್ಲದ ದುಡ್ಡನ್ನು ಕಳೆದರೆ ಎಷ್ಟು ಉಳಿಯುತ್ತದೆ, ಅದು. ತೊಂದರೆ ಏನೆಂದರೆ, ಬಹಳಷ್ಟು ಪತ್ರಗಳಲ್ಲಿ ಆ ಅಂಕಿಯೇ ಇರುವುದಿಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನೆ ಮಾಡುವ ಜಿಎಒ ಸಂಸ್ಥೆ 2022ರಲ್ಲಿ ಈ ಪತ್ರಗಳನ್ನೇ ತೆಗೆದು ನೋಡಿತು. ಸುಮಾರು 91 ಪ್ರತಿಶತ ಕಾಲೇಜುಗಳು ಈ ನಿವ್ವಳ ಖರ್ಚನ್ನು ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಎಂದು ಅದರ ವರದಿ ಹೇಳಿತು. ಹಾಗಾಗಿ ಲೆಕ್ಕ ನಾವೇ ಹಾಕಬೇಕು. ಅದಕ್ಕೂ ಮೊದಲು ನೆರವಿನ ಅರ್ಜಿಯ ಮಾತು.

ನಮಗೆ ಸಿಗುತ್ತದಾ?

ನಮ್ಮವರಲ್ಲಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. "ನಾವು ಎಚ್‌-1ಬಿ, ನಮಗೆಲ್ಲ ಕೊಡಲ್ಲ" ಎಂದು ಸುಮ್ಮನಾಗುತ್ತಾರೆ. ಫೆಡರಲ್ (ಕೇಂದ್ರ ಸರ್ಕಾರದ) ನೆರವಿಗೆ ಅಪ್ಪ ಅಮ್ಮನ ವೀಸಾ ಲೆಕ್ಕಕ್ಕೇ ಬರುವುದಿಲ್ಲ, ನೋಡುವುದು ಮಗುವಿನ ಸ್ಥಿತಿಯನ್ನು. ಮಗು ಇಲ್ಲೇ ಹುಟ್ಟಿದ ಪ್ರಜೆಯಾಗಿದ್ದರೆ ಅಥವಾ ಅದಕ್ಕೆ ಗ್ರೀನ್ ಕಾರ್ಡ್ ಇದ್ದರೆ ಅರ್ಜಿ ಹಾಕಬಹುದು, ನೀವು ಇನ್ನೂ ಎಚ್‌-1ಬಿಯಲ್ಲೇ ಇದ್ದರೂ ಸರಿ.

ಮಗುವೂ ಎಚ್‌-4ನಲ್ಲಿದ್ದರೆ (ಎಚ್‌-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ) ಕಥೆ ಬೇರೆ. ಫೆಡರಲ್ ಗ್ರಾಂಟೂ (ವಾಪಸ್ ಕೊಡಬೇಕಿಲ್ಲದ ನೆರವು) ಇಲ್ಲ, ಫೆಡರಲ್ ಸಾಲವೂ ಇಲ್ಲ. ಹೈಸ್ಕೂಲು ಪೂರ್ತಿ ಇಲ್ಲೇ ಓದಿದ್ದರೂ ನೆರವಿನ ವಿಷಯದಲ್ಲಿ ಹಲವು ಕಾಲೇಜುಗಳು ಅಂಥ ಮಗುವನ್ನು ವಿದೇಶಿ ವಿದ್ಯಾರ್ಥಿ ಎಂದೇ ಎಣಿಸುತ್ತವೆ. ಇದು ಅನ್ಯಾಯ ಅನ್ನಿಸುತ್ತದೆ, ಹೌದು. ಆದರೆ ಎರಡು ದಾರಿ ಉಳಿದಿರುತ್ತವೆ. ಒಂದು, ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಾಜ್ಯದವರಿಗಿರುವ ಕಡಿಮೆ ಫೀಸು ಎಚ್‌-4 ಮಕ್ಕಳಿಗೆ ಸಿಗುತ್ತದಾ ಎಂದು ಕೇಳುವುದು. ಹಲವು ರಾಜ್ಯಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಅಲ್ಲಿ 12 ತಿಂಗಳು ವಾಸವಿದ್ದಿರಬೇಕು. ಇನ್ನೊಂದು, ವಿದೇಶಿ ವಿದ್ಯಾರ್ಥಿಗಳಿಗೂ ಅಗತ್ಯ ನೋಡಿ ಪೂರ್ತಿ ನೆರವು ಕೊಡುವ ಕಾಲೇಜುಗಳು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಈ ಗುಂಪಿನವು. ಸೀಟು ಸಿಗುವುದು ಕಷ್ಟ, ಆದರೆ ಸಿಕ್ಕರೆ ದುಡ್ಡಿನ ಚಿಂತೆ ಬಹುಪಾಲು ಇರುವುದಿಲ್ಲ. ಮಗುವಿಗೆ 21 ತುಂಬಿದರೆ ಎಚ್‌-4 ಹೋಗುತ್ತದೆ. ಆ ದಿನಾಂಕವನ್ನು ಈಗಲೇ ವಕೀಲರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.

"ಸಂಬಳ ಜಾಸ್ತಿ, ಏನೂ ಬರಲ್ಲ" ಎನ್ನುವುದು ಇನ್ನೊಂದು ಮಾತು. ಇಬ್ಬರೂ ಐಟಿಯಲ್ಲಿರುವ ಮನೆಗೆ ಫೆಡರಲ್ ಸರ್ಕಾರದ ಪೆಲ್ ಗ್ರಾಂಟ್ ಬರುವುದಿಲ್ಲ, ನಿಜ. 2025-26ರಲ್ಲಿ ಅದರ ಗರಿಷ್ಠ ಮೊತ್ತವೇ ವರ್ಷಕ್ಕೆ 7,395 ಡಾಲರ್. ಆದರೆ ನಮ್ಮಲ್ಲಿ ಎಲ್ಲರೂ ಹಾಗಿಲ್ಲವಲ್ಲ. ಪೋಸ್ಟ್‌ಡಾಕ್ ಮಾಡುತ್ತಿರುವವರು, ದೇವಸ್ಥಾನದ ಅರ್ಚಕರು, ಒಂದೇ ಸಂಬಳದಲ್ಲಿ ನಾಲ್ಕು ಜನ ಬದುಕುವ ಮನೆಗಳು ಬೇಕಾದಷ್ಟಿವೆ. ಜಾಸ್ತಿ ದುಡ್ಡು ಸಿಗುವುದಂತೂ ಸರ್ಕಾರದಿಂದಲ್ಲ, ಕಾಲೇಜಿನ ಸ್ವಂತ ನಿಧಿಯಿಂದ. ಹಾರ್ವರ್ಡ್ 2025-26ರಿಂದ, ಸಾಮಾನ್ಯ ಮಟ್ಟದ ಆಸ್ತಿ ಇದ್ದು ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿದೆ. 1 ಲಕ್ಷದೊಳಗಿದ್ದರೆ ಊಟ, ವಸತಿಯೂ ಉಚಿತ. ಟೆಕ್ಸಸ್ ವಿಶ್ವವಿದ್ಯಾಲಯ ಸಮೂಹ ಕೂಡ 2025ರಿಂದ, 1 ಲಕ್ಷದೊಳಗಿನ ಆದಾಯದ ಟೆಕ್ಸಸ್ ನಿವಾಸಿಗಳಿಗೆ ಬೋಧನಾ ಶುಲ್ಕ ಬಿಟ್ಟಿದೆ. ಫೆಡರಲ್ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್, ಅಂದರೆ ನಿವ್ವಳ ಖರ್ಚು ಅಂದಾಜಿಸುವ ಸಾಧನ, ಇಡಬೇಕು ಎನ್ನುವುದು 2011ರಿಂದ ಇರುವ ನಿಯಮ. ಅರ್ಧ ಗಂಟೆ ಕೂತು ಅದರಲ್ಲಿ ನಿಮ್ಮ ಅಂಕಿ ಹಾಕಿ ನೋಡಿ. ನೆಂಟರ ಮಾತಿಗಿಂತ ಅದು ವಾಸಿ.

ಫ್ಯಾಫ್ಸಾ, ಮೈಸೂರಿನ ಸೈಟು, ಸಿಎಸ್‌ಎಸ್ ಪ್ರೊಫೈಲ್

ಫ್ಯಾಫ್ಸಾ ಎಂದರೆ ಫೆಡರಲ್ ನೆರವಿನ ಅರ್ಜಿ. ಮಾಮೂಲಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಪೂರ್ತಿ ಉಚಿತ. ತುಂಬಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಗೆ ಒಂದು ನಮಸ್ಕಾರ ಹಾಕಿ ಕಳಿಸಿ. ಅಮ್ಮನಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇಲ್ಲದಿದ್ದರೂ ಅರ್ಜಿ ತುಂಬಲು ಬೇಕಾದ ಆನ್‌ಲೈನ್ ಖಾತೆಯನ್ನು ಈಗ ತೆರೆಯಬಹುದು. ಗಂಡ ಹೆಂಡತಿ ಜಂಟಿಯಾಗಿ ತೆರಿಗೆ ಸಲ್ಲಿಸಿದ್ದರೆ ಪೋಷಕರ ಕಡೆಯಿಂದ ಒಬ್ಬರು ಸಾಕು.

ಅರ್ಜಿ ಕೇಳುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026-27ರ ಅರ್ಜಿಗೆ 2024ರ ಲೆಕ್ಕ. ಆಗ ನೀವು ಬೆಂಗಳೂರಿನಲ್ಲೇ ಕೆಲಸ ಮಾಡುತ್ತಿದ್ದರೆ ರೂಪಾಯಿ ಸಂಬಳವನ್ನು ಡಾಲರಿಗೆ ಬದಲಾಯಿಸಿ ಬರೆಯಬೇಕು. ಫಾರಂ 16 ಮತ್ತು ಅಲ್ಲಿನ ರಿಟರ್ನ್ ಹುಡುಕಿ ತೆಗೆದಿಡಿ, ಕಾಲೇಜು ಪುರಾವೆ ಕೇಳಬಹುದು.

ಆಸ್ತಿಯ ಪ್ರಶ್ನೆಯಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ನೀವು ವಾಸವಿರುವ ಮನೆ ಮತ್ತು 401ಕೆಯಂಥ ನಿವೃತ್ತಿ ಖಾತೆಗಳನ್ನು ಫ್ಯಾಫ್ಸಾ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮೈಸೂರಿನಲ್ಲಿ ನಿಮ್ಮ ಹೆಸರಿಗಿರುವ ಸೈಟು ಹೂಡಿಕೆಯೇ, ಅದನ್ನು ಬರೆಯಬೇಕು. ಬೆಲೆ ಎಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ಅಲ್ಲ, ಇವತ್ತು ಮಾರಿದರೆ ಎಷ್ಟು ಬರುತ್ತದೋ ಅಷ್ಟು, ಅದರಲ್ಲಿ ಸೈಟಿನ ಮೇಲಿನ ಸಾಲ ಕಳೆದು. ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ದುಡ್ಡು, ಎಫ್‌ಡಿ ಎಲ್ಲವೂ ಸೇರುತ್ತವೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡು ಅವರ ಹೆಸರಿನಲ್ಲೇ ಇಟ್ಟುಕೊಂಡಿರುವ ಅಡಿಕೆ ತೋಟ ನಿಮ್ಮದಲ್ಲ, ಅದನ್ನು ಬರೆಯಬೇಕಿಲ್ಲ. ಅಮೆರಿಕದಲ್ಲಿ ಕೂತವರಿಗೆ ಊರಿನ ಆಸ್ತಿ ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡು ಬಿಡುವವರಿದ್ದಾರೆ. ಬೇಡ. ಅರ್ಜಿಯ ಕೊನೆಗೆ ನಿಮ್ಮ ಸಹಿ ಇರುತ್ತದೆ, ನಿಮ್ಮ ಗ್ರೀನ್ ಕಾರ್ಡ್ ಫೈಲೂ ಇನ್ನೂ ನಡೆಯುತ್ತಿರುತ್ತದೆ.

ಬರೆದರೆ ಆಗುವ ನಷ್ಟವೂ ನೀವು ಹೆದರಿದಷ್ಟಿಲ್ಲ. ಪೋಷಕರ ಆಸ್ತಿಯಲ್ಲಿ ವರ್ಷಕ್ಕೆ ಹೆಚ್ಚೆಂದರೆ 5.64 ಪ್ರತಿಶತವನ್ನು ಕಾಲೇಜಿಗೆ ಕೊಡಬಲ್ಲಿರಿ ಎಂದು ಸೂತ್ರ ಲೆಕ್ಕ ಹಾಕುತ್ತದೆ. ಮಗುವಿನ ಸ್ವಂತ ಹೆಸರಿನ ಉಳಿತಾಯವಾದರೆ 20 ಪ್ರತಿಶತ. ಅಂದರೆ ಮಗನ ಖಾತೆಯ 10,000 ಡಾಲರ್‌ಗೆ 2,000 ಹಿಡಿದರೆ, ನಿಮ್ಮ ಖಾತೆಯ ಅಷ್ಟೇ ದುಡ್ಡಿಗೆ ಹಿಡಿಯುವುದು 564ರ ಒಳಗೆ. ಪೋಷಕರು ತೆರೆದ 529 ಖಾತೆ (ಓದಿನ ಖರ್ಚಿಗೆಂದೇ ಇರುವ ಉಳಿತಾಯ ಖಾತೆ) ಪೋಷಕರ ಲೆಕ್ಕಕ್ಕೇ ಹೋಗುತ್ತದೆ.

ಇದೆಲ್ಲ ಸೇರಿ ಹೊರಬರುವ, ನಿಮ್ಮ ಕುಟುಂಬ ಎಷ್ಟು ಕೊಡಬಲ್ಲದು ಎಂದು ಅಂದಾಜಿಸುವ ಅಂಕಿಯ ಹೆಸರು ಎಸ್‌ಎಐ. ಅದು ಮೈನಸ್ 1,500ರವರೆಗೂ ಇಳಿಯಬಹುದು. ಒಟ್ಟು ಖರ್ಚಿನಲ್ಲಿ ಎಸ್‌ಎಐ ಕಳೆದರೆ ಬರುವುದೇ ನಿಮ್ಮ ಅಗತ್ಯ. ಎಸ್‌ಎಐ ನೀವು ಕಟ್ಟುವ ಬಿಲ್ಲಲ್ಲ, ಬಿಲ್ಲು ಅದಕ್ಕಿಂತ ಜಾಸ್ತಿ ಬರುವುದೇ ಮಾಮೂಲು. ಎರಡು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಹಿಂದೆ ಈ ಅಂಕಿ ಹಂಚಿಕೆಯಾಗುತ್ತಿತ್ತು. 2024-25ರಿಂದ ಫೆಡರಲ್ ಸೂತ್ರದಲ್ಲಿ ಆ ರಿಯಾಯಿತಿ ಇಲ್ಲ.

ಸಿಎಸ್‌ಎಸ್ ಪ್ರೊಫೈಲ್ ಎಂದರೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಇನ್ನೊಂದು ನೆರವಿನ ಅರ್ಜಿ. ಹೆಚ್ಚಾಗಿ ಖಾಸಗಿ ಕಾಲೇಜುಗಳು ಕೇಳುತ್ತವೆ. ಇದು ಮನೆಯ ಮೌಲ್ಯವನ್ನೂ ಕೆದಕುತ್ತದೆ. ಆದರೆ ವಿಶೇಷ ಪರಿಸ್ಥಿತಿ ಬರೆಯಲು ಇಲ್ಲಿ ಜಾಗವಿದೆ. ಊರಿನಲ್ಲಿರುವ ಅಪ್ಪನ ಡಯಾಲಿಸಿಸ್‌ಗೆ, ಅಮ್ಮನ ಔಷಧಿಗೆ ತಿಂಗಳು ತಿಂಗಳು ಕಳಿಸುವ ದುಡ್ಡನ್ನು ಫ್ಯಾಫ್ಸಾ ಕೇಳುವುದೇ ಇಲ್ಲ. ಇಲ್ಲಿ ಮೊತ್ತದ ಸಮೇತ ಬರೆಯಿರಿ, ಕಳಿಸಿದ ರಸೀದಿ ಇಟ್ಟುಕೊಳ್ಳಿ. ಮನ್ನಿಸುವುದು ಬಿಡುವುದು ಕಾಲೇಜಿಗೆ ಸೇರಿದ್ದು, ಆದರೂ ಬರೆಯದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಪತ್ರ ಕೈಗೆ ಬಂದಾಗ

ಒಂದು ಮಾದರಿ ಪತ್ರ ನೋಡೋಣ. ಖಾಸಗಿ ಕಾಲೇಜು, ವರ್ಷದ ಒಟ್ಟು ಖರ್ಚು 78,000 ಡಾಲರ್. ಕೆಳಗೆ "ನಿಮಗೆ ನೀಡಿರುವ ನೆರವು" ಎಂದು ದೊಡ್ಡ ಅಕ್ಷರದಲ್ಲಿ ಪಟ್ಟಿ. ಕಾಲೇಜಿನ ಗ್ರಾಂಟ್ 30,000. ಮೆರಿಟ್ ಸ್ಕಾಲರ್‌ಶಿಪ್ 8,000. ಸಬ್ಸಿಡೈಸ್ಡ್ ಸಾಲ 3,500. ಅನ್‌ಸಬ್ಸಿಡೈಸ್ಡ್ ಸಾಲ 2,000. ವರ್ಕ್‌-ಸ್ಟಡಿ 3,000. ಪೇರೆಂಟ್ ಪ್ಲಸ್ 20,000. ಒಟ್ಟು ನೆರವು 66,500, ನೀವು ಕಟ್ಟಬೇಕಾದ್ದು 11,500. ಓದಿದವರಿಗೆ ಖುಷಿಯಾಗುತ್ತದೆ, ಊರಿಗೆ ಫೋನೂ ಹೋಗುತ್ತದೆ.

ಪೆನ್ನು ತಗೊಂಡು ಸಾಲಗಳನ್ನೆಲ್ಲ ಹೊಡೆದು ಹಾಕಿ. ಪೇರೆಂಟ್ ಪ್ಲಸ್ ಎಂದರೆ ನೀವೇ ತೆಗೆದುಕೊಳ್ಳುವ ಬಡ್ಡಿ ಸಾಲ. ಪೋಷಕರು ಪ್ರಜೆಗಳು ಅಥವಾ ಗ್ರೀನ್ ಕಾರ್ಡಿನವರಲ್ಲದಿದ್ದರೆ ಅದು ಸಿಗುವುದೂ ಇಲ್ಲ. ಎಚ್‌-1ಬಿಯವರ ಪತ್ರದಲ್ಲಿ ಅದು ಕಂಡರೆ ಬರೀ ಕಾಗದದ ಮೇಲಿನ ದುಡ್ಡು. 2026ರ ಜುಲೈ 1ರಿಂದ ಅದಕ್ಕೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟಾರೆ 65,000 ಡಾಲರ್ ಎಂಬ ಮಿತಿಯೂ ಇದೆ. ವರ್ಕ್‌-ಸ್ಟಡಿಯನ್ನೂ ಹೊಡೆಯಿರಿ. ಅದು ಮಗು ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಗಂಟೆ ಲೆಕ್ಕದಲ್ಲಿ ದುಡಿದ ಮೇಲೆ ಬರುವ ಸಂಬಳ, ಆಗಸ್ಟ್‌ನ ಬಿಲ್ಲಿಗೆ ಸಿಗದು. ಉಳಿದದ್ದು 30,000 ಮತ್ತು 8,000. ನಿಜವಾದ ಖರ್ಚು 40,000.

ಪಕ್ಕದಲ್ಲಿ ನಿಮ್ಮ ರಾಜ್ಯದ ವಿಶ್ವವಿದ್ಯಾಲಯದ ಪತ್ರ ಇಟ್ಟುಕೊಳ್ಳಿ. ಒಟ್ಟು ಖರ್ಚು 32,000, ಗ್ರಾಂಟ್ 5,000, ಜೊತೆಗೆ ಅದೇ 5,500ರ ಸಾಲ. ನೆರವು ಚಿಲ್ಲರೆ ಅನ್ನಿಸುತ್ತದೆ. ನಿಜವಾದ ಖರ್ಚು 27,000. ನಾಲ್ಕು ವರ್ಷಕ್ಕೆ 52,000 ಡಾಲರ್ ವ್ಯತ್ಯಾಸ, ಅದೂ ಫೀಸು ಏರದೆ ಹಾಗೇ ಇದ್ದರೆ.

ವಿದ್ಯಾರ್ಥಿಯ ಫೆಡರಲ್ ಸಾಲ ಕೆಟ್ಟದ್ದೇನಲ್ಲ. ಸಬ್ಸಿಡೈಸ್ಡ್ ಸಾಲಕ್ಕೆ ಓದುವಾಗಿನ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ, ಅನ್‌ಸಬ್ಸಿಡೈಸ್ಡ್‌ಗೆ ಮೊದಲ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಪೋಷಕರ ಆಸರೆಯಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ 7,500 ಮಿತಿ. ಬೇಕಾದಷ್ಟೇ ತಗೊಳ್ಳಿ. ಪತ್ರದಲ್ಲಿ ಕೊಟ್ಟಿದ್ದನ್ನೆಲ್ಲ ಒಪ್ಪಬೇಕು ಎಂದೇನಿಲ್ಲ, ಗ್ರಾಂಟ್ ಒಪ್ಪಿ ಸಾಲ ಬಿಡಬಹುದು.

ಕಾಲೇಜಿಗೆ ಫೋನ್ ಮಾಡಿ ಕೆಲವು ಪ್ರಶ್ನೆ ಕೇಳಿ. ಈ ಗ್ರಾಂಟ್ ನಾಲ್ಕೂ ವರ್ಷ ಇಷ್ಟೇ ಇರುತ್ತದಾ, ಇಲ್ಲ ಮೊದಲ ವರ್ಷ ಮಾತ್ರವಾ? ಮೆರಿಟ್ ಉಳಿಸಿಕೊಳ್ಳಲು ಎಷ್ಟು ಜಿಪಿಎ (ಅಂಕಗಳ ಸರಾಸರಿ) ಬೇಕು? ಹೊರಗಿನ ಸ್ಕಾಲರ್‌ಶಿಪ್ ತಂದರೆ ನಿಮ್ಮ ಗ್ರಾಂಟ್ ಕಡಿಮೆ ಮಾಡುತ್ತೀರಾ? ಈ ಕೊನೆಯದು ಮುಖ್ಯ. ಮಗು ಪ್ರಬಂಧ ಬರೆದು ಗೆದ್ದ 2,000 ಡಾಲರನ್ನು ಕಾಲೇಜು ತನ್ನ ಲೆಕ್ಕದಿಂದ ಕಳೆದುಕೊಂಡರೆ ಪ್ರಯೋಜನವೇನು? ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಕಾನೂನಿನ ಕಡಿವಾಣ ಹಾಕಿತು. ಎಲ್ಲ ಕಡೆ ಹಾಗಿಲ್ಲ.

ಕೆಲಸ ಹೋದರೆ

ಎರಡು ವರ್ಷ ಹಿಂದೆ ಚೆನ್ನಾಗಿದ್ದ ಸಂಬಳ ಈಗ ಇಲ್ಲದಿರಬಹುದು. ಲೇಆಫ್ ಆಗಿದ್ದರೆ, ದೊಡ್ಡ ಆಸ್ಪತ್ರೆ ಬಿಲ್ ಬಂದಿದ್ದರೆ ಏಡ್ ಆಫೀಸಿಗೆ ಬರೆದು ಮರುಪರಿಶೀಲನೆ ಕೇಳಿ. ಇದಕ್ಕೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ, ಅಧಿಕಾರಿಗೆ ಅಂಕಿ ಬದಲಿಸುವ ಅಧಿಕಾರ ಕಾನೂನಿನಲ್ಲೇ ಇದೆ. ಹೀಗೆ ಕೇಳುವುದು ನಮ್ಮವರಿಗೆ ಮುಜುಗರ. ಅವರಿಗೆ ಅದು ದಿನನಿತ್ಯದ ಕೆಲಸ. ಪತ್ರ ಒಂದು ಪುಟ ಮೀರದಿರಲಿ: ಏನಾಯಿತು, ಯಾವಾಗ, ಈಗಿನ ಆದಾಯ ಎಷ್ಟು, ಎಷ್ಟು ಕೊರತೆ. ಲೇಆಫ್ ಪತ್ರ ಲಗತ್ತಿಸಿ. ಇದೇ ಮಟ್ಟದ ಬೇರೆ ಕಾಲೇಜು ಜಾಸ್ತಿ ಗ್ರಾಂಟ್ ಕೊಟ್ಟಿದ್ದರೆ ಆ ಪತ್ರವನ್ನೂ ಸೇರಿಸಬಹುದು. ಆದರೆ ತರಕಾರಿ ಮಾರ್ಕೆಟ್ಟಿನ ಚೌಕಾಸಿ ಧಾಟಿ ಬೇಡ.

ಸೀಟು ಒಪ್ಪಿ ಡಿಪಾಸಿಟ್ ಕಟ್ಟಲು ಹೆಚ್ಚಿನ ಕಾಲೇಜುಗಳಲ್ಲಿ ಮೇ 1 ಕೊನೆ ದಿನ. ಮೇಲ್ಮನವಿಯ ಉತ್ತರ ಬರುವುದು ತಡವಾಗಬಹುದು, ಹಾಗಾಗಿ ಏಪ್ರಿಲ್ ಮೊದಲ ವಾರದಲ್ಲೇ ಕಳಿಸಿ. ಉತ್ತರ ಬಂದಿಲ್ಲವೆಂದರೆ ಗಡುವು ವಿಸ್ತರಿಸುತ್ತೀರಾ ಎಂದೂ ಕೇಳಬಹುದು. ಈ ಅರ್ಜಿಗಳನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಎರಡನೇ ವರ್ಷದ ಫ್ಯಾಫ್ಸಾ ತೆರೆಯುವ ಹೊತ್ತಿಗೆ ಮಗು ಹಾಸ್ಟೆಲಿನಲ್ಲಿ ಮಿಡ್‌ಟರ್ಮ್ ಗಡಿಬಿಡಿಯಲ್ಲಿರುತ್ತದೆ. ಅಕ್ಟೋಬರ್ ಮೊದಲ ವಾರ ನೀವೇ ಫೋನ್ ಮಾಡಿ ನೆನಪಿಸಿ.