ಐಟಂ ಮೇಲೆ ಕೊರಿಯನ್ ಬರಹ ಬಂದರೆ ಓದಿಕೊಳ್ಳುವುದು ಹೇಗೆ?

ರಾಗ್ನರಾಕ್ ಆನ್‌ಲೈನ್ ಆಡುವವರು ಇದನ್ನು ನೋಡಿರುತ್ತೀರಿ. ಹೊಸ ಐಟಂ (ಆಟದೊಳಗಿನ ವಸ್ತು) ಸಿಕ್ಕಿತು ಅಂತ ಖುಷಿಯಿಂದ ರೈಟ್ ಕ್ಲಿಕ್ ಮಾಡಿದರೆ ಹೆಸರು ಇಂಗ್ಲಿಷಿನಲ್ಲಿದೆ, ಕೆಳಗಿನ ವಿವರಣೆ ಮಾತ್ರ ಪೂರ್ತಿ ಕೊರಿಯನ್! 2002ರಲ್ಲಿ ಕೊರಿಯಾದ ಗ್ರಾವಿಟಿ ಕಂಪನಿ ಶುರು ಮಾಡಿದ ಆಟ ಇದು. ಹಳೆಯ ಕ್ಲೈಂಟ್‌ನಲ್ಲಿ, ಅಂದರೆ ನಮ್ಮ ಕಂಪ್ಯೂಟರಿನಲ್ಲಿ ಆಟ ನಡೆಸುವ ಪ್ರೋಗ್ರಾಂನಲ್ಲಿ, ಹೆಸರಿಗೊಂದು ಫೈಲ್, ವಿವರಣೆಗೆ ಬೇರೆಯದೇ ಫೈಲ್. ಒಂದನ್ನು ಅನುವಾದಿಸಿ ಇನ್ನೊಂದನ್ನು ಬಿಟ್ಟರೆ ಹೀಗಾಗುತ್ತದೆ. ಅರ್ಥವಾಗಲಿಲ್ಲ ಅಂತ ಅದನ್ನು ಆಟದ ಅಂಗಡಿಗೆ ಮಾರಬೇಡಿ, ಸ್ವಲ್ಪ ತಾಳಿ.

ಮೊದಲು ಅದು ನಿಜಕ್ಕೂ ಕೊರಿಯನ್ನೇ ಅಂತ ನೋಡಿ. ತಲೆ ಮೇಲೆ ಚುಕ್ಕೆ, ಗೀಟು ಇರುವ ರೋಮನ್ ಅಕ್ಷರಗಳು ಅಡ್ಡಾದಿಡ್ಡಿ ಕಂಡರೆ ಬರಹ ಕೊರಿಯನ್ನೇ ಇರಬಹುದು, ಕಂಪ್ಯೂಟರ್ ಅದನ್ನು ತಪ್ಪು ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಪದ್ಧತಿ) ಓದುತ್ತಿದೆ ಅಷ್ಟೆ. ವಿವರಣೆಯ ಫೈಲ್ ನಿಮ್ಮ ಬಳಿ ಇದ್ದರೆ ಅದರ ಒಂದು ಪ್ರತಿಯನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ಎನ್‌ಕೋಡಿಂಗ್ ಪಟ್ಟಿಯಲ್ಲಿ ಕೊರಿಯನ್ ಆರಿಸಿ.

ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಫೋನಿನ ಅನುವಾದ ಆ್ಯಪ್‌ಗೆ ಕೊಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ಕೊರಿಯನ್‌ನಲ್ಲಿ 'ಸಾಗ್ವಾ' ಅಂದರೆ ಸೇಬು, ಕ್ಷಮೆ ಕೇಳುವುದಕ್ಕೂ ಅದೇ ಪದ. ಹಾಗಾಗಿ ನಿಮ್ಮ ಬ್ಯಾಗಿನಲ್ಲಿರುವ ಸೇಬನ್ನು ಆ್ಯಪ್ 'ಕ್ಷಮಾಪಣೆ' ಅಂತ ಹೇಳಬಹುದು! 'ಪೇ' ಇನ್ನೂ ಕಷ್ಟ: ಪೇರ್ ಹಣ್ಣು, ದೋಣಿ, ಹೊಟ್ಟೆ ಮೂರೂ ಅದೇ. ಅದಕ್ಕೇ ಐಟಂನ ಚಿತ್ರ ನೋಡಿಕೊಂಡೇ ಅರ್ಥ ಹಚ್ಚಬೇಕು.

ನನ್ನ ಕೇಳಿದರೆ ಅಕ್ಷರಗಳನ್ನೇ ಕಲಿತುಬಿಡಿ. ಕೊರಿಯನ್ ಬರೆಯುವ ಹಂಗುಲ್ ಲಿಪಿಯನ್ನು 1443ರಲ್ಲಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟವನು ದೊರೆ ಸೇಜೊಂಗ್. ಈಗ ಬಳಕೆಯಲ್ಲಿರುವ ಮೂಲ ಅಕ್ಷರ ಬರೀ 24. ನಮ್ಮ ಕಾಗುಣಿತ ಬಲ್ಲವರಿಗೆ ಇದು ಸಲೀಸು, ಏಕೆಂದರೆ ಅಲ್ಲೂ ವ್ಯಂಜನ ಸ್ವರ ಸೇರಿ ಒಂದೇ ಕಟ್ಟು ಆಗುತ್ತದೆ, ಸ ಮತ್ತು ಆ ಸೇರಿ 'ಸಾ' ಆದ ಹಾಗೆ. ಕೊನೆಯ ವ್ಯಂಜನ ನಮ್ಮ ಒತ್ತಿನಂತೆ ಕೆಳಗೆ ಕೂರುತ್ತದೆ. ಓದಲು ಬಂದರೆ ಅರ್ಧ ಪದಗಳು ತಾವೇ ಬಿಡಿಸಿಕೊಳ್ಳುತ್ತವೆ. 'ಫೊಶನ್' ಅಂತ ಓದಿದಿರಾ? ಅದು ಪೋಶನ್, ಅಂದರೆ ಜೀವ ತುಂಬುವ ಮದ್ದು. ಆ ಪದಕ್ಕೂ ಮೊದಲು 'ಪಾಲ್ಗಾನ್' ಇದ್ದರೆ ಕೆಂಪು ಮದ್ದು. 'ಮುಗೆ' ಅಂದರೆ ತೂಕ, ಪಕ್ಕದಲ್ಲೇ 7ರಂಥ ಒಂದು ಅಂಕಿ ಇರುತ್ತದೆ.

ಅರ್ಥ ಸಿಕ್ಕಿತಾ? ಈಗ ಆಟದ ಅನುವಾದ ನೋಡಿಕೊಳ್ಳುವವರಿಗೆ ಕಳಿಸಿ. ಸ್ಕ್ರೀನ್‌ಶಾಟ್ ಜೊತೆ ಐಟಂ ಸಂಖ್ಯೆ ಬರೆಯಿರಿ, ಸೇಬಿನದು 512, ಕೆಂಪು ಮದ್ದಿನದು 501. ಸಂಖ್ಯೆ ಇಲ್ಲದಿದ್ದರೆ ಸಾವಿರಾರು ಸಾಲಿನಲ್ಲಿ ಅವರು ಹುಡುಕುವುದು ಹೇಗೆ, ಅಲ್ವಾ? ಸಾಲಿನ ನಡುವೆ ^777777 ತರಹದ್ದು ಕಂಡರೆ ಅದು ಬಣ್ಣದ ಗುರುತು. ಮುಂದಿನ ^000000 ಅದನ್ನು ಮತ್ತೆ ಕಪ್ಪಿಗೆ ತರುತ್ತದೆ. ಎರಡನ್ನೂ ಇದ್ದಲ್ಲೇ ಬಿಟ್ಟು, ನಡುವಿನ ಪದವನ್ನಷ್ಟೇ ಬದಲಿಸಿ.