ತಿನ್ನರ್ ಡಬ್ಬಿ ತೆರೆಯುವ ಮುನ್ನ

ಮರದ ಪಾಲಿಶ್ ಕೆಲಸಕ್ಕೆ ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್‌ನಲ್ಲಿ, ಅಂದರೆ ಪಾಲಿಶ್ ತೆಳುವಾಗಿಸುವ ದ್ರವದಲ್ಲಿ, ಸಾಮಾನ್ಯವಾಗಿ ಟೊಲುಯೀನ್ ಎಂಬ ದ್ರಾವಕ ಇರುತ್ತದೆ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ, ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಟೊಲುಯೀನ್‌ನಿಂದ ಏಳುತ್ತದೆ. ಹಾಗಾಗಿ ನಮ್ಮ ಊರುಗಳಲ್ಲಿ ಚಳಿಗಾಲದ ಬೆಳಗಿನಲ್ಲೂ ಅದು ಅಪಾಯಕಾರಿಯೇ. ಆವಿಯು ಗಾಳಿಗಿಂತ ಮೂರು ಪಟ್ಟು ಭಾರವಾಗಿರುವುದರಿಂದ ಮೇಲಕ್ಕೇರದೆ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ದೂರದಲ್ಲಿರುವ ಕಿಡಿಯನ್ನು ತಲುಪಿ ಅಲ್ಲಿಂದ ಡಬ್ಬಿಯವರೆಗೂ ಬೆಂಕಿಯನ್ನು ಹಿಂದಕ್ಕೆ ಎಳೆದು ತರಬಲ್ಲದು. ನಮ್ಮ ಶೆಡ್ಡಿನಲ್ಲಿ ದೇವರ ಪಟದ ಮುಂದಿನ ದೀಪವನ್ನು ಪಾಲಿಶ್ ಮುಗಿಯುವವರೆಗೆ ಹಚ್ಚುವುದಿಲ್ಲ. ಭಕ್ತಿಗೆ ಇದರಿಂದ ಕೊರತೆಯಾಗುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಕೆಲಸದ ವೇಳೆ ಬಾಗಿಲು, ಕಿಟಕಿಗಳನ್ನು ತೆರೆದಿಡಿ. ಆವಿ ತುಂಬಿದ ಕೋಣೆಯಲ್ಲಿ ಸ್ವಿಚ್ ಒತ್ತಿದಾಗ ಹುಟ್ಟುವ ಸಣ್ಣ ಕಿಡಿಯೂ ಸಾಕಾಗುವುದರಿಂದ, ದೀಪ ಹಾಕುವುದಿದ್ದರೆ ಡಬ್ಬಿ ತೆರೆಯುವ ಮೊದಲೇ ಹಾಕಿಕೊಳ್ಳಿ. ಡ್ರಮ್ಮಿನಿಂದ ಪ್ಲಾಸ್ಟಿಕ್ ಬಕೆಟ್ಟಿಗೆ ರಭಸವಾಗಿ ಸುರಿಯಬೇಡಿ, ಏಕೆಂದರೆ ಹರಿಯುವ ದ್ರಾವಕದಲ್ಲಿ ಸ್ಥಿರ ವಿದ್ಯುತ್ ಶೇಖರವಾಗಿ ಕಿಡಿ ಹಾರಬಹುದು; ಲೋಹದ ಪಾತ್ರೆಯನ್ನೇ ಬಳಸಿ, ಎರಡನ್ನೂ ತಂತಿಯಿಂದ ಜೋಡಿಸಿ, ಡ್ರಮ್ಮಿಗೆ ಅರ್ತಿಂಗ್ ಕೊಟ್ಟು ನಿಧಾನವಾಗಿ ಸುರಿಯಿರಿ.

ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ತಯಾರಿಸಿದ ಕಾರ್ಟ್ರಿಡ್ಜ್ ಇರುವ ಮುಖಗವಸು ಬೇಕು. ತಲೆಸುತ್ತು, ಓಕರಿಕೆ ಬಂದರೆ ತಕ್ಷಣ ಹೊರಗಿನ ಗಾಳಿಗೆ ಬನ್ನಿ. ಕೈಗೆ ಅಂಟಿದ ಬಣ್ಣವನ್ನು ತಿನ್ನರ್‌ನಿಂದ ತೊಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದು ಚರ್ಮದ ಜಿಡ್ಡನ್ನು ತೆಗೆದು ಬಿರುಕು ಮೂಡಿಸುತ್ತದೆ.

ಬೆಂಕಿ ಹತ್ತಿದರೆ ನೀರು ಎರಚಬೇಡಿ. ಟೊಲುಯೀನ್ ನೀರಿನ ಮೇಲೆ ತೇಲಿ ಉರಿಯನ್ನು ಹರಡುತ್ತದೆ. ಒಣ ಪುಡಿಯ ಅಥವಾ ನೊರೆಯ ಅಗ್ನಿಶಾಮಕವನ್ನು ಬಾಗಿಲ ಬಳಿಯೇ ತೂಗುಹಾಕಿರಿ.