ಜಪಾನಿ ಮರದಚ್ಚಿನಲ್ಲಿ ಬಣ್ಣಗಳನ್ನು ಗೆರೆಯೊಳಗೆ ಕೂರಿಸುವ ವಿಧಾನ

1765ರಲ್ಲಿ ಎಡೊ ನಗರದಲ್ಲಿ (ಇಂದಿನ ಟೋಕಿಯೊ) ಚಿತ್ರಕಾರ ಸುಜುಕಿ ಹರುನೊಬುವಿನ ಬಹುವರ್ಣ ಚಿತ್ರಗಳು ಅಚ್ಚಾಗತೊಡಗಿದಾಗ ಬಣ್ಣಕ್ಕೊಂದರಂತೆ ಹಲಗೆಗಳು ಬೇಕಾದವು, ಮತ್ತು ಅಷ್ಟೂ ಹಲಗೆಗಳ ಬಣ್ಣಗಳು ಒಂದೇ ಹಾಳೆಯ ಮೇಲೆ ಕೂದಲೆಳೆಯಷ್ಟೂ ಅತ್ತಿತ್ತ ಸರಿಯದೆ ಕೂರಬೇಕಾಯಿತು. ಇದನ್ನು ಸಾಧಿಸಿಕೊಡುವುದು ಕೆಂಟೊ ಎಂಬ ಗುರುತುಗಚ್ಚು. ಈ ಕಲೆಯನ್ನು ಕಲಿಯಬಯಸುವವರು ಉಳಿ ಹಿಡಿಯುವ ಮೊದಲೇ ಇದನ್ನು ಅರಿತಿರಬೇಕೆಂದು ನನ್ನ ಅಭಿಪ್ರಾಯ.

ತೆಳುವಾದ ಕಾಗದದ ಮೇಲೆ ಗೆರೆಚಿತ್ರವನ್ನು ಬರೆದು, ಅದನ್ನು ಅಕ್ಕಿಯ ಅಂಟಿನಿಂದ ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆ ಸ್ಪಷ್ಟವಾಗಿ ಕಾಣುವವರೆಗೆ ಕಾಗದದ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ತೆಗೆಯಬೇಕು. ಗೆರೆಯ ಎರಡೂ ಬದಿಗೆ ಚಾಕುವಿನಿಂದ ಸೀಳಿ, ಉಳಿದ ಮರವನ್ನು ಉಳಿಯಿಂದ ಕೆತ್ತಬೇಕು. ಇದೇ ಹಲಗೆಯ ಕೆಳ ಅಂಚಿನ ಬಲಮೂಲೆಯಲ್ಲಿ ಲಂಬಕೋನದ ಒಂದು ಕಚ್ಚನ್ನೂ, ಅದೇ ಅಂಚಿನುದ್ದಕ್ಕೆ ಎಡಗಡೆ ನೇರವಾದ ಇನ್ನೊಂದು ಕಚ್ಚನ್ನೂ ಕೆತ್ತಬೇಕು. ಹಾಳೆಯ ಮೂಲೆ ಮೊದಲನೆಯದಕ್ಕೂ ಅಂಚು ಎರಡನೆಯದಕ್ಕೂ ತಾಗಿ ನಿಲ್ಲುತ್ತದೆ. ಬಣ್ಣದ ಹಲಗೆಗಳನ್ನು ಹೊಸದಾಗಿ ಅಳೆದು ಗುರುತು ಮಾಡಬೇಡಿ. ಗೆರೆಹಲಗೆಯಿಂದ ಕಚ್ಚುಗಳ ಸಮೇತ ತೆಗೆದ ಪ್ರತಿಯನ್ನೇ ಅಂಟಿಸಿ ಕೆತ್ತಿದರೆ ಗುರುತು ಎಲ್ಲ ಹಲಗೆಗಳಲ್ಲೂ ತಾನಾಗಿಯೇ ಒಂದೇ ಜಾಗಕ್ಕೆ ಬರುತ್ತದೆ.

ಕಚ್ಚು ಎಷ್ಟೇ ನಿಖರವಾಗಿದ್ದರೂ ಕಾಗದದ ತೇವ ಏರುಪೇರಾದರೆ ಪ್ರಯೋಜನವಿಲ್ಲ, ಏಕೆಂದರೆ ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕೋಜೊ ಗಿಡದ ನಾರಿನ ಕಾಗದಗಳನ್ನು ಹಿಂದಿನ ಸಂಜೆಯೇ ಅಗಲವಾದ ಕುಂಚದಿಂದ ತೇವಗೊಳಿಸಿ, ಒಂದರ ಮೇಲೊಂದು ಪೇರಿಸಿ, ಗಾಳಿಯಾಡದಂತೆ ಸುತ್ತಿಡಿ. ಬೆಳಗಿನ ಹೊತ್ತಿಗೆ ತೇವ ಸಮನಾಗಿ ಹರಡಿರುತ್ತದೆ. ಕೊನೆಯ ಬಣ್ಣ ಮುಗಿಯುವವರೆಗೂ ಈ ತೇವ ಆರಕೂಡದು.

ಮುದ್ರಣದಲ್ಲಿ ಗೆರೆ ಮೊದಲು, ಬಣ್ಣ ಆಮೇಲೆ. ನೀರಿನಲ್ಲಿ ಕಲಸಿದ ಬಣ್ಣವನ್ನು ಚೂರು ಅಕ್ಕಿಯಂಟಿನೊಡನೆ ಹಲಗೆಗೆ ಹಚ್ಚಿ, ಹಾಳೆಯನ್ನು ಕಚ್ಚಿಗೆ ತಾಗಿಸಿ ಇಳಿಸಿ, ಬಿದಿರಿನ ಹಾಳೆಯಿಂದ ಹೊದಿಸಿದ ಬಾರೆನ್ ಎಂಬ ದುಂಡು ಒತ್ತುಗೆಯಿಂದ ಬೆನ್ನನ್ನು ತಿಕ್ಕಬೇಕು. ಬಣ್ಣ ಕಾಗದದ ಮೇಲೆ ಪದರವಾಗಿ ನಿಲ್ಲದೆ ನಾರಿನೊಳಗೆ ಇಳಿಯುವುದು ಈ ತಿಕ್ಕುವಿಕೆಯಿಂದಲೇ.

ಚಿತ್ರಕಾರ ಹಿರೊಶಿಗೆಯ ಚಿತ್ರಗಳಲ್ಲಿ ಆಕಾಶದ ನೀಲಿ ಕೆಳಗಿಳಿದಂತೆ ಮಾಯವಾಗುವುದು ಬೊಕಾಶಿಯಿಂದ, ಅಂದರೆ ಬಣ್ಣವನ್ನು ಮೆಲ್ಲಮೆಲ್ಲಗೆ ತಿಳಿಯಾಗಿಸುವ ವಿಧಾನದಿಂದ. ಅದಕ್ಕಾಗಿ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕುಂಚದ ಒಂದೇ ಮೂಲೆಗೆ ಬಣ್ಣ ತಾಗಿಸಿ ಅಡ್ಡಕ್ಕೆ ಎಳೆಯಬೇಕು. ಇದನ್ನು ಹಲಗೆಯಲ್ಲಿ ಕೆತ್ತಲಾಗುವುದಿಲ್ಲ. ಪ್ರತಿ ಹಾಳೆಗೂ ಮುದ್ರಕನೇ ಹೊಸದಾಗಿ ಮಾಡಬೇಕು. ಹಾಗಾಗಿ ಚಿತ್ರಕಾರನ ಹೆಸರಷ್ಟೇ ಪ್ರಸಿದ್ಧವಾಗಿ, ಕೆತ್ತಿದವರ ಮತ್ತು ಮುದ್ರಿಸಿದವರ ಹೆಸರು ಬಹುಪಾಲು ಮರೆಯಾದದ್ದು ನನಗೆ ಅನ್ಯಾಯವೆಂದೇ ತೋರುತ್ತದೆ.

ಮುಗಿದ ಹಾಳೆಗಳನ್ನು ಬಿಸಿಲಿಗೆ ಹಾಕದೆ, ಹೀರುಕಾಗದದ ನಡುವೆ ಇಟ್ಟು, ಮೇಲೊಂದು ಹಲಗೆಯ ಭಾರ ಹೇರಿ ಒಣಗಿಸಿ.